ತಳದ ಸೌಟು

ಅಕ್ಟೋಬರ್ ತಿಂಗಳ ಮೊದಲ ದಿನ

ಶಾಂತಿ ಬಂದಿದೆಯಂತೆ. ಬೆಳಿಗ್ಗೆ ಸಾರುವವನು ನಮ್ಮ ಸುಬೂರಾ ಕೇರಿಯ ನಾಲ್ಕುದಾರಿ ಗುಡಿಯ ಮುಂದೆ ನಿಂತು ಗಂಟಲು ಹರಿದುಕೊಂಡ. ಜಗತ್ತಿನ ಯಾವ ಮೂಲೆಯಲ್ಲೂ ಈಗ ಯುದ್ಧವಿಲ್ಲ, ಯುದ್ಧವಿರುವಷ್ಟು ದಿನ ತೆರೆದೇ ಇರುವ ಜೇನಸ್ ದೇವರ ಗುಡಿಯ ಬಾಗಿಲು ಮುಚ್ಚಿಸಿದ್ದಾರೆ, ದೊರೆಯ ದೈವಕ್ಕೆ ಜಯವಾಗಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಒಂದು ಕೈಯಲ್ಲಿ ಸೌಟಿತ್ತು, ಇನ್ನೊಂದು ಕೈಯಿಂದ ತೊಡೆ ಬಡಿದುಕೊಂಡೆ.

ಅದೇ ಉಸಿರಿನಲ್ಲಿ ಎರಡನೆಯ ಸುದ್ದಿಯನ್ನೂ ಸಾರಿದ. ಇನ್ನು ಮೇಲೆ ಅಡುಗೆ ಅಂಗಡಿಗಳಲ್ಲಿ ಬೇಯಿಸಿದ ಮಾಂಸ ಮಾರುವಂತಿಲ್ಲ. ದ್ರಾಕ್ಷಾರಸಕ್ಕೆ ಬೆರೆಸಲು ಬಿಸಿನೀರು ಕೊಡುವಂತಿಲ್ಲ. ಕಾಳು ಬೇಯಿಸಬಹುದು, ಸೊಪ್ಪು ಬೇಯಿಸಬಹುದು. ಮೀರಿದವರ ಅಂಗಡಿಗೆ ಬೀಗ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇಡೀ ಭೂಮಿಯನ್ನು ಗೆದ್ದ ಆ ದೊರೆಗೆ ನನ್ನ ಹಂದಿ ಬಾಡಿನ ಮೇಲೆ ಯಾಕೆ ಕಣ್ಣು? ಬಿಸಿ ಬಾಡು ಇದ್ದಲ್ಲಿ ಜನ ಕೂರುತ್ತಾರೆ, ಕೂತವರು ಮಾತಾಡುತ್ತಾರೆ. ಅವನಿಗೆ ಹೆದರಿಕೆ ಮಾಂಸದ್ದಲ್ಲ, ಮಾತಿನದು. ಇಷ್ಟು ನನಗೂ ಅರ್ಥವಾಗುತ್ತದೆ.

ಆ ಹೊತ್ತಿಗೆ ಅಂಗಡಿಯಲ್ಲಿದ್ದವರು ನಾನು, ಒಲೆಯ ಮುಂದೆ ನನ್ನ ಆಳು ತಲ್ಲಸ್, ಬೆಂಚಿನ ತುದಿಯಲ್ಲಿ ನೋನಿಯಸ್, ಇಷ್ಟೇ ಜನ. ನೋನಿಯಸ್ ಎದುರು ಅಂಗಡಿಯವನು, ಗೋರಿ ಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಾನೆ. ನನ್ನ ಗಂಡ ಹೋದ ಮೇಲೆ ನನಗೆ ಓದು ಬರಹ ಕಲಿಸಿದವನು ಅವನೇ. ಕಲಿತದ್ದು ಗೋರಿ ಅಕ್ಷರವಾದ್ದರಿಂದ ನಾನು ಈ ಮೇಣದ ಹಲಗೆಯ ಮೇಲೆ ಏನು ಗೀಚಿದರೂ ಯಾರೋ ಸತ್ತ ಹಾಗೆ ಕಾಣುತ್ತದೆ.

ನೋನಿಯಸ್ ಎದ್ದು ನಿಂತ. ದೊರೆ ಮಾತಿಗೆ ಮುಂಚೆ ಕೆಮ್ಮುವ ಹಾಗೆಯೇ ಕೆಮ್ಮಿ, ಗಲ್ಲ ಮೇಲೆತ್ತಿ, "ಪ್ರಜೆಗಳೇ! ಜೇನಸ್ ಗುಡಿ ಬಾಗ್ಲು ಮುಚ್ಚಿಸ್ದೆ. ಇನ್ನು ಉಳ್ದಿರೋದು ಉರ್ಬಾನಾಳ ಮಡಕೆ ಬಾಯಿ. ಅದೊಂದು ಮುಚ್ಚಿಸ್ಬಿಟ್ರೆ ನಾನು ಹಾಯಾಗಿ ನಿದ್ದೆ ಮಾಡ್ತೀನಿ!" ಎಂದ. ತಲ್ಲಸ್ ನಕ್ಕ ರಭಸಕ್ಕೆ ಒಲೆ ಬೂದಿ ಹಾರಿತು. ಉರ್ಬಾನಾ ಎಂದರೆ ನಾನೇ, ಆದರೂ ನಗು ತಡೆಯಲಾಗಲಿಲ್ಲ.

"ಬಾಗ್ಲ ಹತ್ರ ನಿಂತು ಅಂಥಾ ಮಾತಾಡ್ಬೇಡ ಮಹರಾಯ," ಎಂದೆ.

"ನೀನು, ನಾನು, ತಲ್ಲಸ್. ಈ ಮೂರು ಜನದಲ್ಲಿ ಯಾರು ಹೇಳ್ತಾರೆ, ನೀನಾ?" ಎಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡ.

ಉಪಾಯವನ್ನೂ ಅವನೇ ಕೊಟ್ಟ. ಕಟ್ಟೆಯಲ್ಲಿ ಹೂತ ದೊಡ್ಡ ಮಡಕೆಯ ತಳದಲ್ಲಿ ಬಾಡು, ಮೇಲೆ ಮೊಣಕೈ ಆಳಕ್ಕೆ ಕಡಲೆ. ನಮ್ಮವರು ಬಂದರೆ "ತಳದಿಂದ" ಎನ್ನಬೇಕು. ಬೇರೆಯವರಿಗೆ ಮೇಲಿನ ಕಡಲೆ. ಈ ಅಂಗಡಿ ನನ್ನ ಗಂಡ ಬಿಟ್ಟುಹೋದದ್ದು. ಗುಲಾಮಳಾಗಿದ್ದ ನನ್ನನ್ನು ಕೊಂಡು, ಬಿಡುಗಡೆ ಮಾಡಿ, ಆಮೇಲೆ ಮದುವೆಯಾದ ಪುಣ್ಯಾತ್ಮ. ಇದಕ್ಕೆ ಬೀಗ ಬಿದ್ದರೆ ನನಗೆ ಇನ್ನೊಂದು ಬಾಗಿಲಿಲ್ಲ.

ಅಕ್ಟೋಬರ್, ಮೊದಲ ವಾರದ ನೋನ್ಸ್ ಕಳೆದ ಮಾರನೆಯ ದಿನ

ಹೊಸಬನೊಬ್ಬ ಬಂದ. ನಡುವಯಸ್ಸು, ಕಂದು ಹೊದಿಕೆ, ಕತ್ತಿನ ಮೇಲೆ ಹಳೆಯ ಗಾಯದ ಗುರುತು. ಹೆಸರು ತುರ್ಪಿಲಿಯಸ್ ಎಂದ, ನಾನು ಕೇಳದಿದ್ದರೂ. ಒಳಗೆ ಜಾಗವಿದ್ದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಕಡೆಗೇ ಕೂತ. ಕಾಲಲ್ಲಿ ಮೊಳೆ ಹೊಡೆದ ಸೈನಿಕರ ಚಪ್ಪಲಿ.

ಬಟ್ಟಲು ಮುಂದೆ ಚಾಚಿ ಅವನು ಹೇಳಿದ್ದು ಒಂದೇ ಮಾತು. "ತಳದಿಂದ ಹಾಕಮ್ಮ."

ನಮ್ಮ ಮಾತು ಈ ಪರದೇಶಿಗೆ ಯಾರು ಹೇಳಿಕೊಟ್ಟರು? ನಾನು ಮೇಲಿನ ಕಡಲೆಯನ್ನೇ ಹಾಕಿದೆ. ಅವನು ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ, ತಿಂದ, ಹೋದ. ಜಗಳ ತೆಗೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಕ್ಟೋಬರ್, ತಿಂಗಳ ನಡುವಿನ ಐಡ್ಸ್‌ಗೆ ಮುಂಚಿನ ಸಂತೆ ದಿನ

ಅವನು ದಿನವೂ ಬರುತ್ತಿದ್ದಾನೆ. ಇವತ್ತು ನೋನಿಯಸ್ ಪಕ್ಕದಲ್ಲೇ ಕೂತ. ನಾನು ಈರುಳ್ಳಿ ಹೆಚ್ಚುವ ನೆವದಲ್ಲಿ ಹತ್ತಿರವೇ ನಿಂತೆ.

"ಎಲ್ಲಿಂದ ಬಂದ್ರಿ?" ಎಂದು ನೋನಿಯಸ್.

"ಡಾನ್ಯೂಬ್ ನದಿ ದಂಡೆಯಿಂದ. ಯುದ್ಧ ಮುಗೀತು, ಮನೆಗೆ ಹೋಗ್ರಪ್ಪಾ ಅಂದ್ರು. ನೆಲ ಕೊಡ್ತೀವಿ ಅಂದಿದ್ರು, ಕೊಟ್ರು. ಹೋಗಿ ನೋಡಿದ್ರೆ ಮೊಣಕಾಲು ಮಟ್ಟ ಕೆಸರು. ಕಪ್ಪೆ ಸಾಕ್ಬೇಕು ಅಷ್ಟೆ. ನಮ್ಮ ದೊರೆಗೆ ಗೆಲ್ಲೋಕೆ ನಾವು ಬೇಕು, ಗೆದ್ಮೇಲೆ ನಾವು ಕಾಲಿಗೆ ಸಿಗೋ ಕಲ್ಲು."

ನೋನಿಯಸ್ ನಕ್ಕು ಬಾಯಿ ತೆರೆದ. ದೊರೆಯ ಕೆಮ್ಮು ಗಂಟಲಿಗೆ ಬಂದೇಬಿಟ್ಟಿತ್ತು. ನಾನು ಬಟ್ಟಲೊಂದನ್ನು ಬೇಕೆಂದೇ ನೆಲಕ್ಕೆ ಹಾಕಿದೆ. ಎಲ್ಲರೂ ತಿರುಗಿದರು, ಮಾತು ಅಲ್ಲಿಗೆ ಮುರಿಯಿತು.

ಹಿಂದಿನ ಬೀದಿಯ ಬಟ್ಟೆಗೆ ಬಣ್ಣ ಹಾಕುವವನಿಗೆ ಏನಾಯಿತೆಂದು ಸುಬೂರಾದಲ್ಲಿ ಯಾರಿಗೆ ಗೊತ್ತಿಲ್ಲ? ಸೈನಿಕನೊಬ್ಬ ಸಾದಾ ಬಟ್ಟೆ ತೊಟ್ಟು ಪಕ್ಕದಲ್ಲಿ ಬಂದು ಕೂರುತ್ತಾನೆ. ತಾನೇ ಮೊದಲು ದೊರೆಯನ್ನು ಬಯ್ಯುತ್ತಾನೆ. ಪಾಪ, ಇವನೂ ನಮ್ಮಂಥವನೇ ಎಂದು ನೀವೂ ಒಂದು ಮಾತು ಸೇರಿಸುತ್ತೀರಿ. ಬಟ್ಟಲು ಖಾಲಿಯಾಗುವಷ್ಟರಲ್ಲಿ ಕೈಗೆ ಸರಪಳಿ. ಯುದ್ಧ ಇದ್ದಾಗ ಇಂಥವರಿಗೆ ಗಡಿಯಲ್ಲಿ ಕೆಲಸವಿತ್ತು. ಈಗ ಶಾಂತಿ, ಇವರ ಕಿವಿಗಳಿಗೆ ನಾವೇ ಕೆಲಸ ಕೊಡಬೇಕು. ಹೀಗೆ ಬೇರೆಯವರ ಬಾಯಿಗೆ ಬಲೆ ಹಾಕಿ ಬದುಕುವವರ ಮುಖಕ್ಕೆ ಬಿಸಿ ಎಣ್ಣೆ ಎರಚಬೇಕು ಅನ್ನಿಸುತ್ತದೆ.

ಅವನು ಹೋದ ಮೇಲೆ ನೋನಿಯಸ್‌ಗೆ ಹೇಳಿದೆ. "ಬಾಯಿಗೆ ಬೀಗ ಹಾಕ್ಕೋ."

"ಏ, ಹಸಿದ ಸಿಪಾಯಿ ಕಣೇ ಅವ್ನು," ಎಂದ. "ನಿನಗೆ ನೆರಳೂ ದೊರೆ ಕಡೆಯೋರ ಹಾಗೇ ಕಾಣುತ್ತೆ."

ಅಕ್ಟೋಬರ್ ಐಡ್ಸ್, ಕುದುರೆ ಓಟದ ದಿನ

ಓಟದಲ್ಲಿ ಗೆದ್ದ ಕುದುರೆಯನ್ನು ಬಲಿ ಕೊಟ್ಟರು, ಅದರ ತಲೆ ಯಾರ ಬೀದಿಗೆ ಎಂದು ಪ್ರತಿ ವರ್ಷದಂತೆ ನಮ್ಮ ಬೀದಿಗೂ ಪವಿತ್ರ ಬೀದಿಯವರಿಗೂ ಮಾರಾಮಾರಿ. ಈ ವಯಸ್ಸಿನಲ್ಲೂ ನೋನಿಯಸ್ ನುಗ್ಗಿದ್ದಾನೆ. ಕೆಳಗೆ ಬಿದ್ದವನನ್ನು ಜನ ತುಳಿಯುತ್ತಿರುವಾಗ ತುರ್ಪಿಲಿಯಸ್ ಎಳೆದು, ಬೆನ್ನ ಮೇಲೆ ಹೊತ್ತುಕೊಂಡು ನನ್ನ ಅಂಗಡಿಗೇ ತಂದ. ತಲೆ ಅವರ ಪಾಲಾಯಿತು. ತುರ್ಪಿಲಿಯಸ್‌ನ ಹುಬ್ಬು ಒಡೆದು ರಕ್ತ ಸೋರುತ್ತಿತ್ತು.

"ನಮ್ಮ ಬೀದಿಗೋಸ್ಕರ ಒದೆ ತಿಂದ ನೋಡು," ಎಂದು ನೋನಿಯಸ್ ಕುಂಟುತ್ತಲೇ ಹಿಗ್ಗಿದ. ಇಬ್ಬರೂ ಅಣ್ಣತಮ್ಮಂದಿರ ಹಾಗೆ ಹೆಗಲ ಮೇಲೆ ಕೈ ಹಾಕಿಕೊಂಡು ಕೂತರು.

ನನಗೆ ಅದೇ ಸರಿ ಕಾಣಲಿಲ್ಲ. ನಿನ್ನೆ ಮೊನ್ನೆ ಬಂದವನು ನಮ್ಮ ಬೀದಿಗಾಗಿ ಯಾಕೆ ಒದೆ ತಿನ್ನಬೇಕು? ಯಾರ ನಂಬಿಕೆ ಗಳಿಸಲು? ಗಾಯ ತೊಳೆಯಲು ತಲ್ಲಸ್ ಬುದ್ಧಿಯಿಲ್ಲದೆ ಒಳಗಿಂದ ಬಿಸಿನೀರಿನ ಪಾತ್ರೆಯನ್ನೇ ಹೊತ್ತು ತಂದ. ಆವಿ ಏಳುತ್ತಿತ್ತು. ತುರ್ಪಿಲಿಯಸ್ ಪಾತ್ರೆಯನ್ನು ನೋಡಿದ. "ಬಿಸಿನೀರು! ಪುಣ್ಯ ಬರ್ಲಿ ಕಣಯ್ಯ ನಿನ್ಗೆ," ಎಂದ. ನೋಡಿಟ್ಟುಕೊಂಡ ಎಂದೇ ಲೆಕ್ಕ.

ಇಷ್ಟಾದರೂ ಮನಸ್ಸು ತಡೆಯದೆ ಇವತ್ತು ತುರ್ಪಿಲಿಯಸ್‌ಗೆ ತಳದಿಂದ ಹಾಕಿದೆ. ನೋನಿಯಸ್ ಬದುಕಿ ಬಂದನಲ್ಲ. ಸಿಪಾಯಿ ಬಾಡು ಕಂಡು ಕಣ್ಣು ಮುಚ್ಚಿಕೊಂಡು ತಿಂದ. ತಿಂದದ್ದೂ ಸಾಕ್ಷಿಯೇ ಆಗುತ್ತದೆ ಎಂದು ಆಮೇಲೆ ಹೊಳೆಯಿತು.

ಅಕ್ಟೋಬರ್ ಕೊನೆಯ ಸಂತೆ ದಿನ

ತಲ್ಲಸ್‌ಗೆ ಹೇಳಿಟ್ಟಿದ್ದೇನೆ. ನಾನು ಇಲ್ಲದಾಗ ಯಾರು ಏನು ಮಾತಾಡಿದರು, ಯಾರು ನಕ್ಕರು, ಬಂದು ಹೇಳಬೇಕು. ಬೇರೆ ಏನಕ್ಕೂ ಅಲ್ಲ, ನಮ್ಮವರನ್ನು ಎಚ್ಚರಿಸಲಿಕ್ಕೆ.

"ನಗೋದನ್ನೂ ಹೇಳ್ಬೇಕಾ ಅಮ್ಮ?" ಎಂದ.

"ನಗೋದನ್ನೇ ಮೊದ್ಲು ಹೇಳು."

ಹೋದ ವರ್ಷದ ಸ್ಯಾಟರ್ನೇಲಿಯಾ ನೆನಪಾಯಿತು. ಆ ಹಬ್ಬದಲ್ಲಿ ಯಜಮಾನರೇ ಆಳಿಗೆ ಬಡಿಸಬೇಕು, ಆಳು ಬಾಯಿಗೆ ಬಂದದ್ದು ಅನ್ನಬಹುದು. ಇದೇ ತಲ್ಲಸ್ ನನ್ನ ಮುಖಕ್ಕೇ, "ನಿನ್ನ ಕೈ ಎಷ್ಟು ಗಿಡ್ಡ ಅಂದ್ರೆ ಸೌಟು ಮಡಕೆಯಿಂದ ಹೊರಗೆ ಬರೋಕೇ ಅಳುತ್ತೆ, ಮುದಿ ಬೆಕ್ಕೇ" ಎಂದಿದ್ದ. ನೋನಿಯಸ್ ಬಿದ್ದು ಬಿದ್ದು ನಕ್ಕಿದ್ದ. ಈಗ ತಲ್ಲಸ್ ಒಲೆಯ ಮುಂದೆ ಹಾಡುವುದನ್ನೂ ಬಿಟ್ಟಿದ್ದಾನೆ. ಗಂಟಲು ಕೆಟ್ಟಿರಬೇಕು.

ಸಂಜೆಗೆ ಮುಂಚೆ ಪೇಟೆ ತಪಾಸಣೆಯ ರುಫ್ರಿಯಸ್ ಬಂದ. ಸಣ್ಣ ಮುಖ, ಮೆತ್ತಗಿನ ದನಿ. ಮಡಕೆಯ ಮುಚ್ಚಳ ತೆಗೆದು ಮೂಸಿದ. ಸೌಟು ಇಳಿಸಿದ. ಇನ್ನು ನಾಲ್ಕು ಬೆರಳು ಇಳಿದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅಲ್ಲಿಗೇ ನಿಲ್ಲಿಸಿ ನನ್ನನ್ನು ನೋಡಿ ನಕ್ಕ.

"ಕಡಲೆ ಚೆನ್ನಾಗಿ ಬೆಂದಿದೆ. ಒಳ್ಳೆ ವಾಸನೆ."

"ಮೀನಿನ ರಸ ಹಾಕ್ತೀನಿ ಸ್ವಾಮಿ."

"ಹಾಕಿ, ಹಾಕಿ. ಅಂಗಡಿಗೆ ಯಾರ್ಯಾರು ಬರ್ತಾರಮ್ಮ?"

"ಬೀದಿಯೋರೇ ಸ್ವಾಮಿ."

"ಬರೀ ಬೀದಿಯೋರೇನಾ?" ಸೌಟನ್ನು ಮಡಕೆಯ ಅಂಚಿಗೆ ಒರಗಿಸಿಟ್ಟ. "ನೋಡಮ್ಮ, ದೊರೆಯನ್ನ ಬಯ್ಯೋದು ಒಂದು ತಪ್ಪು. ಬಯ್ದಿದ್ದನ್ನ ಕೇಳಿಸ್ಕೊಂಡು ಹೇಳ್ದೆ ಇರೋದು ಅದಕ್ಕಿಂತ ಕಡಿಮೆ ತಪ್ಪೇನಲ್ಲ. ಮುಂದಿನ ವಾರ ಬರ್ತೀನಿ."

ಅವನು ಬೀದಿ ತಿರುಗಿದ ಮೇಲೆ ಮಡಕೆಗೆ ಇನ್ನಷ್ಟು ಬೆಂದ ಕಡಲೆ ಸುರಿದೆ.

ನವೆಂಬರ್ ತಿಂಗಳ ಮೊದಲ ದಿನ

ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ತುರ್ಪಿಲಿಯಸ್ ದೊರೆ ಕಡೆಯವನೇ ಆಗಿದ್ದರೆ, ಅವನು ಬಯ್ದದ್ದನ್ನು ನಾನು ಹೇಳದೆ ಕೂತಿದ್ದೇನೆ ಎಂದು ಅವನೇ ಹೋಗಿ ಹೇಳಿರುತ್ತಾನೆ. ರುಫ್ರಿಯಸ್ ಬಂದದ್ದೇ ಅದಕ್ಕೆ. ಹಾಗಾದರೆ ನಾನು ಹೇಳಿಬಿಡುವುದೇ ಸರಿ. ಅವರವನ ಮೇಲೆ ಅವರಿಗೇ ದೂರು ಕೊಟ್ಟರೆ ಯಾರಿಗೂ ನಷ್ಟವಿಲ್ಲ, ನನ್ನ ನಿಷ್ಠೆ ಗೊತ್ತಾಗುತ್ತದೆ, ಅಂಗಡಿ ಉಳಿಯುತ್ತದೆ, ನೋನಿಯಸ್ ತಂಟೆಗೂ ಬರುವುದಿಲ್ಲ. ಅವನು ಅವರ ಕಡೆಯವನಲ್ಲದಿದ್ದರೆ...

ಇಲ್ಲ, ಆಗಿರಲೇಬೇಕು. ಇಲ್ಲದಿದ್ದರೆ "ತಳದಿಂದ" ಎನ್ನುವುದು ಅವನಿಗೆ ಹೇಗೆ ಗೊತ್ತಾಯಿತು?

ನವೆಂಬರ್ ನೋನ್ಸ್

ಹೇಳಿದೆ. ರುಫ್ರಿಯಸ್ ಬಂದ, ಒಳಕೋಣೆಯಲ್ಲಿ ಕೂರಿಸಿ ಹೇಳಿದೆ.

ಕೆಸರು, ಕಪ್ಪೆ ಎಲ್ಲ ಕೇಳಿ ಅವನು ಆಕಳಿಸಿದ. "ಇಷ್ಟೇನಾ? ಇದನ್ನ ಪ್ರತಿಯೊಬ್ಬ ಸಿಪಾಯೀನೂ ಹೇಳ್ತಾನೆ. ಇನ್ನೇನಾದ್ರೂ ಇದೆಯಾ? ಇಲ್ಲಾಂದ್ರೆ ಆ ಮಡಕೇನ ಇನ್ನೊಂದ್ಸಲ ನೋಡೋಣ." ಎದ್ದೇಬಿಟ್ಟ.

ನನ್ನ ಬಾಯಿಂದ ಹೊರಬಿತ್ತು. "ಇನ್ನೊಂದು ಅಂದ ಸ್ವಾಮಿ. ಜೇನಸ್ ಗುಡಿ ಬಾಗ್ಲು ಮುಚ್ಚಿಸ್ದೆ, ಇನ್ನು ಉರ್ಬಾನಾಳ ಮಡಕೆ ಬಾಯಿ ಮುಚ್ಚಿಸಿದ್ರೆ ಹಾಯಾಗಿ ನಿದ್ದೆ ಮಾಡ್ತೀನಿ ಅಂತ. ದೊರೆ ಕೆಮ್ಮೋ ಹಾಗೆ ಕೆಮ್ಮಿ ಅಂದ."

"ಯಾರು? ಆ ಸಿಪಾಯೀನೇ?"

"ಅವ್ನೇ."

ರುಫ್ರಿಯಸ್ ಮತ್ತೆ ಕೂತ. ಪೂರ್ತಿ ಕೇಳಿಸಿಕೊಂಡ. ಒಂದೆರಡು ಕಡೆ ನಗು ನುಂಗಿಕೊಂಡ ಎಂದು ಕಾಣುತ್ತದೆ. ಮಡಕೆಯ ಹತ್ತಿರ ಹೋಗಲೇ ಇಲ್ಲ.

ಆ ಮಾತು ಇವತ್ತಲ್ಲ ನಾಳೆ ಯಾರ ಬಾಯಿಂದಾದರೂ ಹೊರಗೆ ಬರುತ್ತಿತ್ತು. ನೋನಿಯಸ್ ಅದನ್ನು ಬೀದಿಯಲ್ಲೆಲ್ಲ ಆಡಿಕೊಂಡು ತಿರುಗುವ ಮುಂಚೆ ಇನ್ನೊಬ್ಬನ ಹೆಸರಿಗೆ ಕಟ್ಟಿದೆ. ಅವನ ಕುತ್ತಿಗೆ ಉಳಿಸಿದ್ದೇನೆ. ಅವನಿಗೆ ಇದು ಎಂದೂ ತಿಳಿಯುವುದು ಬೇಡ.

ನವೆಂಬರ್, ಐಡ್ಸ್‌ನ ಹಿಂದಿನ ದಿನ

ಮಧ್ಯಾಹ್ನ ಅಂಗಡಿಗೇ ಬಂದು ಹಿಡಿದುಕೊಂಡು ಹೋದರು. ತುರ್ಪಿಲಿಯಸ್ ಆಗಷ್ಟೇ ಎರಡು ತುತ್ತು ತಿಂದಿದ್ದ. ನೋನಿಯಸ್ ಅಡ್ಡ ಹೋಗಿ ಒಂದು ಗುದ್ದು ತಿಂದ. ತುರ್ಪಿಲಿಯಸ್ ಕೈ ಎತ್ತಲಿಲ್ಲ. ಬಾಗಿಲಲ್ಲಿ ತಿರುಗಿ, "ಏನೋ ತಪ್ಪಾಗಿರ್ಬೇಕು. ಅಮ್ಮಾ, ಆ ಬಟ್ಲು ಹಾಗೇ ಮುಚ್ಚಿಡಿ, ಬಂದು ತಿಂತೀನಿ," ಎಂದ.

ಎಷ್ಟು ಚೆನ್ನಾಗಿ ನಟಿಸುತ್ತಾನೆ. ಅವರವನನ್ನೇ ಅವರು ಎಳೆದೊಯ್ದು, ನಾವು ಅವನನ್ನು ನಂಬುವಂತೆ ಮಾಡಿ, ನಾಳೆ ಮತ್ತೆ ಬಿಟ್ಟು ಕಳಿಸುತ್ತಾರೆ. ನೋಡೋಣ.

ಬಟ್ಟಲನ್ನು ಮುಚ್ಚಿಟ್ಟೆ. ಯಾಕೆ ಮುಚ್ಚಿಟ್ಟೆನೋ ಗೊತ್ತಿಲ್ಲ.

ನವೆಂಬರ್, ಐಡ್ಸ್ ಕಳೆದ ಮೊದಲ ಸಂತೆ ದಿನ

ಅವನು ಬರಲಿಲ್ಲ. ಬಟ್ಟಲು ಬೂಸು ಹಿಡಿಯಿತು, ತಲ್ಲಸ್ ಎಸೆದ.

ಇವತ್ತು ನಾಲ್ಕುದಾರಿ ಗುಡಿಯ ಮುಂದೆ ಸಾರುವವನು ತೀರ್ಪು ಓದಿದ. ತುರ್ಪಿಲಿಯಸ್ ಎಂಬ ಮಾಜಿ ಸೈನಿಕ, ದೊರೆಯ ಶಾಂತಿಯನ್ನು ಹಾಸ್ಯ ಮಾಡಿದ ಅಪರಾಧಕ್ಕೆ ಸಾರ್ಡಿನಿಯಾ ದ್ವೀಪದ ಗಣಿ ಕೆಲಸಕ್ಕೆ. ಆಡಿದ ಮಾತು ಇಂತಿದೆ ಎಂದು ಅದನ್ನೂ ಓದಿದ. ಜೇನಸ್ ಗುಡಿ ಬಾಗಿಲು, ಉರ್ಬಾನಾಳ ಮಡಕೆ ಬಾಯಿ, ಹಾಯಾದ ನಿದ್ದೆ, ಒಂದಕ್ಷರ ಬಿಡದೆ. ಜನ ತಲೆ ತಗ್ಗಿಸಿ ಕೇಳಿದರು, ಕೆಲವರ ಹೆಗಲು ನಗುವಿಗೆ ಅದುರುತ್ತಿತ್ತು.

ನೋನಿಯಸ್ ತನ್ನ ಅಂಗಡಿಯ ಬಾಗಿಲಲ್ಲಿ ಉಳಿ ಹಿಡಿದು ನಿಂತಿದ್ದ. ಅರ್ಧ ಕೇಳುವಷ್ಟರಲ್ಲಿ ಅವನ ಮುಖದ ಬಣ್ಣ ಹೋಯಿತು. ತಲೆ ಎತ್ತಿ ನನ್ನ ಅಂಗಡಿಯ ಕಡೆ ನೋಡಿದ. ಒಲೆಯ ಹತ್ತಿರದ ತಲ್ಲಸ್‌ನನ್ನು ನೋಡಿದ, ಆಮೇಲೆ ನನ್ನನ್ನು. ನನ್ನ ಮೇಲೆ ಇಟ್ಟ ಕಣ್ಣನ್ನು ಬಹಳ ಹೊತ್ತು ತೆಗೆಯಲಿಲ್ಲ. ನಾನು ಕೈ ಬೀಸಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕೃತಜ್ಞತೆ ಇಲ್ಲದ ಮನುಷ್ಯ. ಆ ಹೆಸರಿನ ಜಾಗದಲ್ಲಿ ಯಾರ ಹೆಸರಿರಬೇಕಿತ್ತು ಎಂದು ಅವನು ಒಮ್ಮೆ ಯೋಚಿಸಲಿ.

ನವೆಂಬರ್ ಕೊನೆಯ ವಾರ

ಹಲ್ಲಿಲ್ಲದ ಮುದುಕನೊಬ್ಬ ಬಂದ. ಅವನ ಕಾಲಲ್ಲೂ ಮೊಳೆ ಚಪ್ಪಲಿ. ಬಟ್ಟಲು ಚಾಚಿ, "ತಳದಿಂದ ಹಾಕಮ್ಮ," ಎಂದ.

"ಈ ಮಾತು ನಿನಗೆ ಯಾರು ಹೇಳಿಕೊಟ್ರು?" ಎಂದು ಅವನ ಮಣಿಕಟ್ಟು ಹಿಡಿದೆ.

ಮುದುಕ ಬೆಪ್ಪಾಗಿ ನೋಡಿದ. "ಯಾರು ಹೇಳಿಕೊಡ್ಬೇಕು ತಾಯಿ? ದಂಡಿನಲ್ಲಿ ದೊಡ್ಡ ಹಂಡೆಯಲ್ಲಿ ಗಂಜಿ ಬೇಯಿಸ್ತಾರೆ. ತೂಕದ್ದೆಲ್ಲ ತಳಕ್ಕೆ ಕೂತಿರುತ್ತೆ, ಮೇಲೆ ಬರೀ ನೀರು. ಸಾಲಲ್ಲಿ ನಿಂತ ಪ್ರತಿಯೊಬ್ಬ ಸಿಪಾಯೀನೂ ಅಡುಗೆಯೋನಿಗೆ ಅದೇ ಅನ್ನೋದು, ತಳದಿಂದ ಹಾಕಪ್ಪಾ ಅಂತ. ಹುಟ್ಟಿದ ಮಗು ಅಮ್ಮಾ ಅಂದ್ಹಾಗೆ."

ಕೈ ಬಿಟ್ಟೆ. ಅವನಿಗೆ ಏನು ಬಡಿಸಿದೆನೋ ನೆನಪಿಲ್ಲ. ಅವನು ಹೋದ ಮೇಲೆ ಒಳಕೋಣೆಯಲ್ಲಿ ಕೂತು ಅತ್ತೆ. ಈರುಳ್ಳಿ ಹೆಚ್ಚಿರಲಿಲ್ಲ, ಅದಕ್ಕೆ ಹೊರಿಸುವ ಹಾಗೂ ಇಲ್ಲ. ಬಟ್ಟಲು ಮುಚ್ಚಿಡಿ ಎಂದಿದ್ದನಲ್ಲ.

ಅತ್ತು ಮುಗಿದ ಮೇಲೆ ಯೋಚನೆ ಬಂತು. ಈ ಮುದುಕ ಇವತ್ತೇ ಯಾಕೆ ಬಂದ? ನನ್ನ ಬಾಯಿಂದ ಏನಾದರೂ ಹೊರಡಲಿ ಎಂದು ಯಾರಾದರೂ ಕಳಿಸಿರಬಹುದೆ? ನಾನು ಅವನ ಮಣಿಕಟ್ಟು ಹಿಡಿಯಬಾರದಿತ್ತು.

ಅದರ ಮಾರನೆಯ ದಿನ

ನೋನಿಯಸ್ ಬಂದ! ಇಷ್ಟು ದಿನದ ಮೇಲೆ. ಬೆಂಚಿನಲ್ಲಿ ಕೂರಲಿಲ್ಲ, ಬೀದಿಯಲ್ಲೇ ನಿಂತು ಕಟ್ಟೆಯ ಮೇಲೆ ಬಟ್ಟಲಿಟ್ಟ. ನನಗೆ ಎಷ್ಟು ಖುಷಿಯಾಯಿತೆಂದರೆ ಸೌಟನ್ನು ಮಡಕೆಯೊಳಗೆ ಭುಜದವರೆಗೂ ಇಳಿಸಿದೆ. ಒಳ್ಳೆಯ ಕೊಬ್ಬಿನ ತುಂಡು ಹುಡುಕುತ್ತಿದ್ದೆ.

"ಬೇಡ," ಎಂದ. "ಕಡಲೆ ಕೊಡಿ. ಮೇಲಿಂದ."

ನನ್ನನ್ನು ಅವನು ಎಂದೂ ಬಹುವಚನದಲ್ಲಿ ಕರೆದವನಲ್ಲ.

"ಏನೋ ಇದು ನೋನಿಯಸ್? ನಾನು ಕಣೋ."

"ಹೌದು, ನೀವೇ," ಎಂದ. "ಮೇಲಿಂದಾನೇ ಕೊಡಿ ಉರ್ಬಾನಮ್ಮ. ದೊರೆ ಕಾಳು ತಿನ್ನಿ ಅಂದಿದ್ದಾರೆ, ತಿಂತೀವಿ. ಅವರ ದೈವಕ್ಕೆ ಜಯವಾಗ್ಲಿ."

ಕೆಮ್ಮಲಿಲ್ಲ, ಗಲ್ಲ ಎತ್ತಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ತಮಾಷೆಗೆ ಎನ್ನಲು ಒಂದು ಗುರುತೂ ಸಿಗಲಿಲ್ಲ. ಬೆಂಚಿನಲ್ಲಿದ್ದ ಇಬ್ಬರು ಬಟ್ಟಲನ್ನೇ ನೋಡುತ್ತಾ ತಿಂದರು. ಅವರೂ ಕಡಲೆಯನ್ನೇ ಕೇಳಿ ಪಡೆದಿದ್ದರು ಎಂದು ಆಗ ಗಮನಿಸಿದೆ.

ಡಿಸೆಂಬರ್ ನೋನ್ಸ್

ರುಫ್ರಿಯಸ್ ಒಳ್ಳೆಯ ಮನುಷ್ಯ, ಜನ ಸುಮ್ಮನೆ ಹೆದರುತ್ತಾರೆ. ಇನ್ನು ಮೇಲೆ ನನ್ನ ಮಡಕೆಯನ್ನು ಯಾರೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಬಿಸಿನೀರು ಕೊಟ್ಟರೂ ಕಾಣದ ಹಾಗೆ ಇರುತ್ತಾನಂತೆ. ವಾರಕ್ಕೊಮ್ಮೆ ಬಂದು ಬೆಂಚಿನ ತುದಿಯಲ್ಲಿ ನೋನಿಯಸ್ ಕೂರುತ್ತಿದ್ದ ಜಾಗದಲ್ಲಿ ಕೂತು ಊಟ ಮಾಡುತ್ತಾನೆ. ಅವನೊಬ್ಬನೇ ಈಗ ತಳದಿಂದ ತಿನ್ನುವುದು. ಉಳಿದ ಬಾಡು ದಿನವೂ ಬೀದಿ ನಾಯಿಗಳ ಪಾಲು.

ಅವನಿಗೆ ಹೆಚ್ಚೇನೂ ಹೇಳುವುದಿಲ್ಲ. ಕ್ಷೌರಿಕ ಗಾವಿಯಸ್ ದೊರೆಯ ಹೆಸರು ಬಂದಾಗ ಕತ್ತರಿಯನ್ನು ಸುಮ್ಮನೆ ಕಚಕಚ ಅನ್ನಿಸಿದ ಎಂದೆ, ಅಷ್ಟೆ. ಆಗಿದ್ದನ್ನು ಹೇಳುವುದರಲ್ಲಿ ಏನು ತಪ್ಪು? ತಪ್ಪಿಲ್ಲದವನಿಗೆ ಏನೂ ಆಗುವುದಿಲ್ಲ.

ಅಂಗಡಿಯಲ್ಲಿ ಈಗ ಜಗಳವಿಲ್ಲ, ಗದ್ದಲವಿಲ್ಲ. ಬರುತ್ತಾರೆ, ತಿನ್ನುತ್ತಾರೆ, ದೊರೆಗೆ ಜಯವೆನ್ನುತ್ತಾರೆ, ಹೋಗುತ್ತಾರೆ. ಚಮಚ ಬಟ್ಟಲಿಗೆ ತಾಗುವ ಸದ್ದೂ ಕೇಳಿಸುತ್ತದೆ. ನಮ್ಮ ದೊರೆ ತಂದ ಶಾಂತಿ ಕೊನೆಗೆ ನನ್ನ ಅಂಗಡಿಯವರೆಗೂ ಬಂತು.

ಸ್ಯಾಟರ್ನೇಲಿಯಾ, ಮೊದಲ ದಿನ

ಈ ಹಬ್ಬದಲ್ಲಾದರೂ ಬೀದಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ದೂರದ ಬೀದಿಗಳಲ್ಲಿ ಕೂಗು, ತಮಟೆ, ಕುಡಿದವರ ಹಾಡು ಕೇಳುತ್ತಿತ್ತು. ನಮ್ಮ ಕಡೆಯಿಂದ ಯಾರೂ ಬರಲಿಲ್ಲ. ನೋನಿಯಸ್‌ಗೆ ಜೇನು ರೊಟ್ಟಿ ಕಳಿಸಿದೆ. ತಲ್ಲಸ್ ಅದನ್ನು ಹಾಗೇ ವಾಪಸ್ ತಂದ. "ಹೊಟ್ಟೆ ಸರಿಯಿಲ್ಲ ಅಂದ್ರು," ಎಂದ. ಹೊಟ್ಟೆ ಸರಿಯಿಲ್ಲದವನು ಬೆಳಗಿಂದ ಕಲ್ಲು ಕುಟ್ಟುವ ಸದ್ದು ನನಗೆ ಕೇಳಿಸುತ್ತಿತ್ತು.

ತಲ್ಲಸ್‌ನನ್ನು ಗ್ರಾಹಕರ ಬೆಂಚಿನ ಮೇಲೆ ಕೂರಿಸಿದೆ. ಅವನ ತಲೆಗೆ ಹಬ್ಬದ ಟೊಪ್ಪಿಗೆ ಹಾಕಿದೆ. ನಾನು ಸೊಂಟಕ್ಕೆ ಬಟ್ಟೆ ಕಟ್ಟಿ ಆಳಿನ ಹಾಗೆ ನಿಂತೆ. ಹಬ್ಬದ ಪದ್ಧತಿ ಪದ್ಧತಿಯೇ.

"ಬಯ್ಯೋ ಇವತ್ತು. ಮುದಿ ಬೆಕ್ಕು ಅನ್ನು. ಹೋದ ವರ್ಷ ಏನೇನಂದೆ, ನೆನಪಿದೆಯಾ?"

"ನೆನಪಿಲ್ಲಮ್ಮ."

"ಏನಾದ್ರೂ ಅನ್ನೋ. ನನ್ನ ಕೈ ಗಿಡ್ಡ ಅನ್ನು. ಇವತ್ತು ಯಾರೂ ಏನೂ ಮಾಡೋಕಾಗಲ್ಲ, ನಾನೂ ಕೂಡ."

ಅವನು ಟೊಪ್ಪಿಗೆಯನ್ನು ಸರಿ ಮಾಡಿಕೊಂಡು ಕೈ ಕಟ್ಟಿ ಕೂತ. "ನೀವು ಒಳ್ಳೆಯವರು ಅಮ್ಮ. ಊಟಕ್ಕೆ ಏನೂ ಕಡಿಮೆ ಮಾಡಿಲ್ಲ."

ನನಗೆ ಅಳು ಬಂತು, ಸಿಟ್ಟೂ ಬಂತು. ಒಬ್ಬನಾದರೂ ನನ್ನ ಮುಖ ನೋಡಿ ಬಯ್ಯಬಾರದೆ? ಸೌಟನ್ನು ಮಡಕೆಗೆ ಇಳಿಸಿ, ದನಿಯನ್ನು ಆದಷ್ಟು ಹಗುರ ಮಾಡಿಕೊಂಡು ಕೇಳಿದೆ. "ತಳದಿಂದ ಹಾಕ್ಲೇನಪ್ಪಾ ಯಜಮಾನ?"

ತಲ್ಲಸ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಕಣ್ಣು ಮಾತ್ರ ಎತ್ತಲಿಲ್ಲ.

"ಬೇಡಮ್ಮ. ಮೇಲಿಂದಾನೇ ಸಾಕು."

ತಾನೇ ಬೇಯಿಸಿದ ಬಾಡು ಅದು. ವರ್ಷವಿಡೀ ಕದ್ದು ತಿನ್ನುತ್ತಿದ್ದವನು. ನೋನಿಯಸ್ ಆಡಿದ ಮಾತನ್ನೇ ಇವನೂ ಆಡಿದ. ಇಬ್ಬರೂ ಯಾವಾಗ ಮಾತಾಡಿಕೊಂಡರು? ನಾನಿಲ್ಲದಾಗ ಆ ಕಲ್ಲಿನ ಅಂಗಡಿಯಲ್ಲಿ ಏನು ನಡೆಯುತ್ತದೆ? ರೊಟ್ಟಿ ಕೊಡಲು ಹೋದವನು ತಿರುಗಿ ಬರಲು ಅಷ್ಟು ಹೊತ್ತು ಯಾಕೆ ಹಿಡಿಯಿತು?

ನಾಡಿದ್ದು ರುಫ್ರಿಯಸ್ ಊಟಕ್ಕೆ ಬರುತ್ತಾನೆ. ಅವನ ಕಿವಿಗೆ ಒಂದು ಮಾತು ಹಾಕಿಟ್ಟಿರುವುದು ಒಳ್ಳೆಯದು.